ಆಟಿಯಲ್ಲಿ ರಿಂಜಾನಿ: ಕೆಪಿ ಹತ್ತಿದ ಧೈರ್ಯ ಸಾಲುವುದಿಲ್ಲ

"ಕೆಪಿ ಹತ್ತಿದವರಿಗೆ ರಿಂಜಾನಿ ಎಂತ ಮಹಾ?" ಅಂತ ಹೇಳಿದವನು ನಾನೇ. ಕುಕ್ಕೆಯಿಂದ ಕುಮಾರಪರ್ವತಕ್ಕೆ, ಅಂದರೆ ಕೆಪಿಗೆ, ನಾಲ್ಕು ಸಲ ಹೋಗಿಬಂದವನ ಗತ್ತು ಅದು. ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿರುವ ಈ ಜ್ವಾಲಾಮುಖಿಯ ಎತ್ತರ 3,726 ಮೀಟರ್. ನಮ್ಮ ಕೆಪಿ 1,712. ಎರಡು ಕೆಪಿ ಒಂದರ ಮೇಲೊಂದು ಇಟ್ಟರೂ ಇನ್ನೂ ಮುನ್ನೂರು ಮೀಟರ್ ಬಾಕಿ. ಮಂಗಳೂರಿನಲ್ಲಿ ಕೂತು ಮಾಡಬೇಕಿದ್ದ ಈ ಲೆಕ್ಕವನ್ನು ನಾನು ಮಾಡಿದ್ದು ನಡುರಾತ್ರಿ ಕಳೆದ ಮೇಲೆ, ಬೂದಿಯ ಇಳಿಜಾರಿನಲ್ಲಿ ಹಲ್ಲು ಕಟಕಟ ಅನ್ನುತ್ತಿರುವಾಗ.

ಹೋಗುವ ಕಾಲದ ಬಗ್ಗೆ ಮಾತ್ರ ನಮ್ಮ ಊರಿನವರು ಅದೃಷ್ಟವಂತರು. ಲೊಂಬೊಕ್ ಇರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ. ನಮ್ಮಲ್ಲಿ ಮಳೆ ಹೊಡೆಯುವಾಗ ಅಲ್ಲಿ ಒಣಹವೆ. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು, ಆಗ ಇಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ರಜೆ ಕೇಳಿದರೆ ಮನೆಯವರೂ ಗೊಣಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಬೆಟ್ಟವನ್ನೇ ಮುಚ್ಚುತ್ತಾರೆ, ಆಗ ಟಿಕೆಟ್ ಅಗ್ಗ ಅಂತ ಬುಕ್ ಮಾಡಬೇಡಿ. ಒಂದೇ ತೊಂದರೆ ಶಿರಾಡಿ ಘಾಟಿ. ಗುಡ್ಡ ಯಾವಾಗ ಜರಿಯುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಬೆಂಗಳೂರಿನ ವಿಮಾನಕ್ಕೆ ಒಂದು ದಿನ ಮೊದಲೇ ಹೊರಡಿ.

ವೀಸಾ ಅಲ್ಲಿಗೆ ಇಳಿದ ಮೇಲೆ ಸಿಗುತ್ತದೆ, ಐದು ಲಕ್ಷ ರುಪಿಯಾ. ಗಾಬರಿ ಬೇಡ, ಮೂರು ಸೊನ್ನೆ ತೆಗೆದು ಐದರಿಂದ ಗುಣಿಸಿ, ಸ್ವಲ್ಪ ಮೇಲೆ ಸೇರಿಸಿ. ನಮ್ಮ ರೂಪಾಯಿ ಸಿಕ್ಕಿತು.

ಆದರೆ ಈ ಲಕ್ಷಗಳ ಲೆಕ್ಕದಲ್ಲೇ ನಾವು ಕೆಟ್ಟದ್ದು. ಬಾಲಿಯಲ್ಲಿ ಇಳಿದ ದಿನ ಸಂಜೆ ರಸ್ತೆ ಬದಿಯ ಒಂದು ಟ್ರಾವೆಲ್ ಕೌಂಟರಿನವ "ಎಲ್ಲಾ ಸೇರಿ" ಅಂತ ಒಂದು ಪ್ಯಾಕೇಜ್ ಮಾರಿದ. ವ್ಯಾನ್, ದೋಣಿ, ರೂಮ್, ಗೈಡ್, ಪೋರ್ಟರ್, ಜಾಕೆಟ್, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್, ತಲಾ 45 ಲಕ್ಷ. ಬೆಟ್ಟದ ಮೇಲೆ ಪಕ್ಕದ ಟೆಂಟಿನ ದಂಪತಿ ಅದೇ ಎರಡು ದಿನದ ಚಾರಣಕ್ಕೆ ಸೆಂಬಲುನ್ ಹಳ್ಳಿಯಲ್ಲೇ ಮಾತಾಡಿ 28 ಲಕ್ಷ ಕೊಟ್ಟಿದ್ದರು. ಅವರ ಸ್ಲೀಪಿಂಗ್ ಬ್ಯಾಗ್ ಒಣಗಿತ್ತು. ನಮ್ಮದು ಹಿಂದಿನ ವಾರದ ಯಾರದೋ ಬೆವರು ಹೊತ್ತುಕೊಂಡು ಬಂದಿತ್ತು. ಜಾಕೆಟ್ ಬರಲೇ ಇಲ್ಲ.

ದುಡ್ಡು ಹೋದದ್ದು ಹೋಗಲಿ, ಆ ವ್ಯಾನಿನ ಪ್ರಯಾಣವನ್ನು ಮಾತ್ರ ಮರೆಯುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಬರಬೇಕಿದ್ದದ್ದು ಏಳೂಮುಕ್ಕಾಲಿಗೆ ಬಂತು. ಪದಂಗ್‌ಬಾಯ್ ಬಂದರಿನಲ್ಲಿ ಮೂರು ಗಂಟೆ ಬಿಸಿಲು ಕಾಯಿಸಿದರು, ಸಮುದ್ರ ಎದ್ದಿದೆ ಅಂತ. ಎದ್ದದ್ದು ಸುಳ್ಳಲ್ಲ. ಜುಲೈ, ಆಗಸ್ಟಿನಲ್ಲಿ ಲೊಂಬೊಕ್ ಜಲಸಂಧಿಯಲ್ಲಿ ಸ್ಪೀಡ್ ಬೋಟ್ ಹತ್ತಿದರೆ ಹೊಟ್ಟೆಯೊಳಗಿನದ್ದೆಲ್ಲ ಗಂಟಲಿಗೆ ಬರುತ್ತದೆ. ಆ ಕಡೆ ಇಳಿದರೆ ನಮ್ಮ ಹೆಸರಿನ ಬೋರ್ಡ್ ಹಿಡಿದವರು ಯಾರೂ ಇಲ್ಲ. ಒಂದೂವರೆ ಗಂಟೆಯ ನಂತರ ಬಂದ ಎರಡನೇ ವ್ಯಾನಿನಲ್ಲಿ ಎಂಟು ಸೀಟಿಗೆ ಹನ್ನೊಂದು ಜನ. ಏಸಿಯ ಗುಂಡಿ ಇತ್ತು, ಗಾಳಿ ಇರಲಿಲ್ಲ. ಡ್ರೈವರ್ ದಾರಿಯಲ್ಲಿ ತನ್ನ ನೆಂಟರ ಕಾಫಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ಯಾರಾದರೂ ಕಾಫಿಪುಡಿ ಕೊಳ್ಳುವವರೆಗೆ ಕೀಲಿ ತಿರುಗಿಸಲಿಲ್ಲ. ಸೆಂಬಲುನ್ ಮುಟ್ಟುವಾಗ ರಾತ್ರಿ ಹತ್ತೂವರೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹಾರುವ ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಇಷ್ಟು ವರ್ಷ ಬೈದದ್ದಕ್ಕೆ ಅಲ್ಲೇ ಕ್ಷಮೆ ಕೇಳಿದೆ.

ಹಾಗಾಗಿ ನನ್ನ ಮಾತು ಇಷ್ಟೇ: ಬಾಲಿಯಲ್ಲಿ ಏನೂ ಕೊಳ್ಳಬೇಡಿ. ಡೆನ್‌ಪಸಾರಿನಿಂದ ಲೊಂಬೊಕ್‌ಗೆ ವಿಮಾನದಲ್ಲಿ ಅರ್ಧ ಗಂಟೆ ಚಿಲ್ಲರೆ, ಇಲ್ಲವೇ ಕೌಲಾಲಂಪುರದಿಂದ ನೇರ ಲೊಂಬೊಕ್‌ಗೆ ಇಳಿಯಿರಿ. ಸೆಂಬಲುನ್‌ನಲ್ಲಿ ಒಂದು ದಿನ ಸುಮ್ಮನೆ ಉಳಿದು, ನಾಲ್ಕು ಕಡೆ ವಿಚಾರಿಸಿ, ಸ್ಲೀಪಿಂಗ್ ಬ್ಯಾಗ್ ಬಿಡಿಸಿ ಮೂಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಆ ಒಂದು ದಿನ ದಂಡ ಅಂತ ತಿಳಿಯಬೇಡಿ, ಅಲ್ಲಿ ಊಟ ಉಂಟು. ಬೆಳ್ಳುಳ್ಳಿ, ಸ್ಟ್ರಾಬೆರಿ ಗದ್ದೆಗಳ ನಡುವೆ ತಗಡಿನ ಮಾಡಿನ ಒಂದು ವಾರುಂಗ್, ಅಂದರೆ ಸಣ್ಣ ಊಟದಂಗಡಿ, ನಾಲ್ಕೇ ಬೆಂಚು. ನಡೆಸುವ ಹೆಂಗಸನ್ನು ಎಲ್ಲರೂ 'ಇಬು' ಅನ್ನುತ್ತಾರೆ, ನಮ್ಮಲ್ಲಿ 'ಅಮ್ಮ' ಅಂದ ಹಾಗೆ. ತಟ್ಟೆಗೆ ಅನ್ನ, ಬೇಯಿಸಿದ ಸೊಪ್ಪು-ಹುರುಳಿಕಾಯಿಗೆ ಕಾಯಿತುರಿ ಬೆರೆಸಿದ ಉರಾಪ್, ಹುರಿದ ತೆಂಪೆ, ಖಾರ ಸುರಿದ ಸೊಪ್ಪು ಪ್ಲೆಚಿಂಗ್ ಕಾಂಗ್‌ಕುಂಗ್, ಎಲ್ಲ ಸೇರಿ 20 ಸಾವಿರ ರುಪಿಯಾ, ಅಂದರೆ ನೂರು ರೂಪಾಯಿ ಚಿಲ್ಲರೆ. ಉರಾಪ್ ಬಾಯಿಗಿಟ್ಟರೆ ನಮ್ಮ ಪಲ್ಯದ ದೂರದ ತಂಗಿ. ತೆಂಪೆ ಅಂದರೆ ಸೋಯಾ ಕಾಳನ್ನು ಹುದುಗಿಸಿ ಕಟ್ಟಿದ ಗಟ್ಟಿ ಬಿಲ್ಲೆ. ತೆಳ್ಳಗೆ ಕೊಯ್ದು ಎಣ್ಣೆಯಲ್ಲಿ ಕೆಂಪಗೆ ಮಾಡಿದರೆ ಕಾವಲಿಯ ಪತ್ರೊಡೆ ತಿಂದಷ್ಟೇ ಸಮಾಧಾನ. ಇಬು ಒಲೆಯ ಮೇಲೆ ತೆರಾಸಿ ಸುಟ್ಟಾಗ ಎದ್ದ ಘಮಲು ನೇರ ನನ್ನ ಅಮ್ಮನ ಒಣಸಿಗಡಿ ಚಟ್ನಿಯದ್ದು. ತೆರಾಸಿಯನ್ನು ಸಿಗಡಿಯನ್ನೇ ಹುದುಗಿಸಿ ಮಾಡುವುದು. ನನಗೆ ಸ್ವರ್ಗ, ಜೊತೆಗಿದ್ದ ಉಡುಪಿಯ ಶುದ್ಧ ಸಸ್ಯಾಹಾರಿ ಗೆಳೆಯನಿಗೆ ಸಂಕಟ. ಸಸ್ಯಾಹಾರಿಗಳು 'ತನ್ಪಾ ತೆರಾಸಿ' ಎಂಬ ಎರಡು ಪದ ಕಲಿತು ಹೋಗಿ, ತೆರಾಸಿ ಬೇಡ ಅಂತ ಅರ್ಥ. ಸೊಪ್ಪಿನ ಮೇಲಿನ ಖಾರದಲ್ಲೂ ಅದು ಇರುತ್ತದೆ. ಹೇಳಿದ ಮೇಲೆ ಇಬು ಅವನಿಗೆ ಬೇರೆ ಕಲ್ಲಿನಲ್ಲಿ ಮೆಣಸು ಅರೆದು ಕೊಟ್ಟಳು, ಅವನು ಮೂರು ಸಲ ಅನ್ನ ಹಾಕಿಸಿಕೊಂಡ.

ಇನ್ನು ಬೆಟ್ಟ. ಹೊರಡುವ ಮೊದಲು ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಾರೆ. ಸೆಂಬಲುನ್ ಇರುವುದೇ ಸುಮಾರು 1,150 ಮೀಟರಿನಲ್ಲಿ. ಅಲ್ಲಿಂದ ನೆರಳಿಲ್ಲದ ಹುಲ್ಲುಗಾವಲು, ಧೂಳು. ಆಮೇಲೆ ಅಲ್ಲಿಯವರೇ 'ಏಳು ಪಶ್ಚಾತ್ತಾಪದ ಗುಡ್ಡ' ಅಂತ ಹೆಸರಿಟ್ಟ ಏರು. ಐದನೆಯದನ್ನೇ ಏಳನೆಯದು ಅಂತ ನಾನು ಮೂರು ಸಲ ನಂಬಿದೆ. ಸಂಜೆಗೆ 2,639 ಮೀಟರಿನ ಪ್ಲಾವಾಂಗನ್, ಜ್ವಾಲಾಮುಖಿಯ ಬಾಯಿಯ ಅಂಚು. ಏರಿದ್ದು ಸುಮಾರು ಸಾವಿರದೈನೂರು ಮೀಟರ್, ಹೆಚ್ಚುಕಡಿಮೆ ಕುಕ್ಕೆಯಿಂದ ಕೆಪಿಯಷ್ಟು. ನನ್ನ ಗತ್ತು ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಕೆಳಗೆ ಸೆಗಾರಾ ಅನಾಕ್ ಸರೋವರ, ನಮ್ಮ 'ಸಾಗರ'ವೇ ಆ 'ಸೆಗಾರಾ', ಅನಾಕ್ ಅಂದರೆ ಮಗು. ನಡುವೆ ಬರುಜಾರಿ ಎಂಬ ಎಳೆಯ ಜ್ವಾಲಾಮುಖಿ. 1257ರಲ್ಲಿ, ನಮ್ಮಲ್ಲಿ ಆಳುಪರು ಆಳುತ್ತಿದ್ದಾಗ, ಇಲ್ಲಿದ್ದ ಸಮಲಾಸ್ ಎಂಬ ಜ್ವಾಲಾಮುಖಿ ಸಿಡಿದು ಕುಸಿದ ಗುಂಡಿಯಲ್ಲೇ ಈ ನೀರು ನಿಂತಿರುವುದು.

ಫೋಟೋದಲ್ಲಿ ಇಷ್ಟೇ ಕಾಣುವುದು. ಬೆನ್ನ ಹಿಂದೆ ಸಾಲು ಟೆಂಟು, ಶೌಚದ ಗುಂಡಿಗಳ ವಾಸನೆ, ಬಿಸ್ಕತ್ತಿನ ಕಾಗದ, ಬ್ರೆಡ್ ಕಸಿಯುವ ಮಂಗಗಳು. ನನಗೆ ಜಾತ್ರೆ ಆಗುವುದಿಲ್ಲ. ಆಗುವವರು ಈ ಸಾಲು ಬಿಟ್ಟು ಓದಿ. ಚಪ್ಪಲಿ ಹಾಕಿ, ಬಿದಿರ ಕಾವಡಿ ಹೊತ್ತು ನಮ್ಮನ್ನು ದಾಟಿಹೋದ ಪೋರ್ಟರ್‌ಗಳಿಗೆ ಭಕ್ಷೀಸನ್ನು ಅವರ ಕೈಗೇ ಕೊಡಿ.

ರಾತ್ರಿ ಎರಡಕ್ಕೆ ಎಬ್ಬಿಸಿದರು. ಬಾಕಿ ಇದ್ದದ್ದು 1,087 ಮೀಟರ್. ಕೊನೆಯ ಭಾಗ ಸಡಿಲ ಕಲ್ಲುಪುಡಿ, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ. ಪಣಂಬೂರಿನ ಮರಳನ್ನು ಗುಡ್ಡೆ ಹಾಕಿ, ಫ್ರಿಜ್ಜಿನಲ್ಲಿಟ್ಟು, ಮೇಲೆ ಫ್ಯಾನ್ ತಿರುಗಿಸಿ ಹತ್ತಲು ಹೇಳಿದ ಹಾಗೆ. ಸಮುದ್ರ ಮಟ್ಟದಲ್ಲೇ ಬೆಳೆದ ಶ್ವಾಸಕೋಶಕ್ಕೆ ಆ ಎತ್ತರದಲ್ಲಿ ಸಿಗುವುದು ಊರಿನ ಆಮ್ಲಜನಕದ ಮೂರನೇ ಎರಡು ಭಾಗದಷ್ಟು. ತಲೆ ಸಿಡಿಯುತ್ತಿತ್ತು, ಕೈಗವಸು ಇರಲಿಲ್ಲ, ಚಳಿಗೆ ಟಾರ್ಚ್ ಮಂಕಾಯಿತು. 3,400ರ ಆಸುಪಾಸಿನಲ್ಲಿ ನಾನು ಗೈಡನ್ನು ಕರೆದು ಇಳಿದೆ. 2025ರ ಜೂನ್‌ನಲ್ಲಿ ಇದೇ ದಾರಿಯಲ್ಲಿ ಜಾರಿದ ಪ್ರವಾಸಿಯೊಬ್ಬರು ಬದುಕಿ ಬರಲಿಲ್ಲ. ಅದು ನೆನಪಾದ ಮೇಲೆ ಶಿಖರದ ಆಸೆ ತಾನಾಗಿ ಇಳಿಯಿತು.

ಗೆಳೆಯ ಮಾತ್ರ ಇನ್ನೊಬ್ಬ ಗೈಡಿನ ಗುಂಪಿನ ಜೊತೆ ಮೇಲೆ ಮುಟ್ಟಿದ. ಅವನು ಕೆಪಿಯನ್ನು ಒಮ್ಮೆಯೂ ನೋಡಿದವನಲ್ಲ. ಎರಡು ತಿಂಗಳು ದಿನಾ ಹತ್ತು ಕಿಲೋ ಕುಚ್ಚಲಕ್ಕಿ ಬ್ಯಾಗಿಗೆ ಹಾಕಿ ತನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಳಿದಿದ್ದ, ಮಳೆಗಾಲದಲ್ಲಿ ಇನ್ನೆಲ್ಲಿ ಹತ್ತುವುದು. ನಾನು ಜನವರಿಯ ಕೆಪಿಯ ನಂತರ ತುಪ್ಪದ ದೋಸೆಯಲ್ಲಿ ತರಬೇತಿ ಮುಂದುವರಿಸಿದ್ದೆ. ಅಕ್ಕಿಚೀಲದ ವಿಧಾನವನ್ನೇ ಹಿಡಿಯಿರಿ. ದಪ್ಪ ಕೈಗವಸು, ಬೂಟಿಗೆ ಕಲ್ಲು ನುಗ್ಗದಂತೆ ಗೇಟರ್, ಟಾರ್ಚಿಗೆ ಎರಡನೇ ಜೊತೆ ಬ್ಯಾಟರಿ, ಇವನ್ನು ಊರಿನಿಂದಲೇ ಒಯ್ಯಿರಿ. ವಿಮೆ ಮಾಡುವಾಗ ಎಷ್ಟು ಎತ್ತರದವರೆಗೆ ಅನ್ವಯ ಅಂತ ಓದಿ.

ವಾಪಸ್ ಬರುವಾಗ ದೋಣಿಯ ಟಿಕೆಟ್ ಕೈಯಲ್ಲಿತ್ತು, ಆದರೆ ಗಾಳಿಗೆ ದೋಣಿ ಹೊರಡಲಿಲ್ಲ, ದುಡ್ಡೂ ಬರಲಿಲ್ಲ. ಕೊನೆಗೆ ಹೋಗುವಾಗಲೇ ಹಿಡಿಯಬೇಕಿದ್ದ ಆ ಅರ್ಧ ಗಂಟೆಯ ವಿಮಾನವನ್ನೇ, ಹಿಂದಿನ ದಿನದ ದುಪ್ಪಟ್ಟು ದರ ಕೊಟ್ಟು ಹಿಡಿದೆವು.