ಇಂಪೀರಿಯಲ್ ಕಣಿವೆ: ನೀರಿದೆ, ಬೆಳೆಯಿದೆ, ಕೂಲಿ ಮಾತ್ರ ಅರ್ಧ ವರ್ಷ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಮೆರಿಕದ ಯಾವ ಊರಿನ ಅಂಗಡಿಯಲ್ಲಿ ಲೆಟಿಸ್, ಅಂದರೆ ಹಸಿಯಾಗೇ ತಿನ್ನುವ ಎಲೆಕೋಸಿನಂಥ ಸೊಪ್ಪು, ಕೊಂಡರೂ ಅದು ಹೆಚ್ಚುಕಮ್ಮಿ ಎರಡೇ ಜಾಗದಿಂದ ಬಂದಿರುತ್ತದೆ. ಒಂದು, ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿ ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ನಮ್ಮ ಇಂಪೀರಿಯಲ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಇನ್ನೊಂದು, ಪಕ್ಕದ ಅರಿಜೋನಾದ ಯೂಮಾ. ನಮ್ಮ ಕೌಂಟಿಯ ಬೆಳೆ ಮತ್ತು ದನಗಳ ವರ್ಷದ ಒಟ್ಟು ಮೌಲ್ಯ 200 ಕೋಟಿ ಡಾಲರಿಗೂ ಹೆಚ್ಚು. ಇದೇ ಕೌಂಟಿ, ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ನಿರುದ್ಯೋಗ ಇರುವ ಜಾಗಗಳ ಪಟ್ಟಿಯಲ್ಲಿ ವರ್ಷಾ ವರ್ಷಾ ಮೇಲಿನ ಸಾಲಿನಲ್ಲೇ ಇರುತ್ತದೆ. ದೇಶದಲ್ಲಿ ನೂರಕ್ಕೆ ನಾಲ್ಕು ಜನ ಕೆಲಸ ಹುಡುಕುತ್ತಿದ್ದರೆ ಇಲ್ಲಿ ಹದಿನೇಳು, ಹದಿನೆಂಟು. 2010ರ ಆಸುಪಾಸಿನಲ್ಲಿ ಅದು 25ನ್ನೂ ದಾಟಿತ್ತು.

ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ ಅಪ್ಪ ಮೊದಲು ಕೇಳುವುದು, "ಯಾಕವ್ವಾ, ನಾಲೇಲಿ ನೀರು ಬುಡಲ್ವಾ?" ಅಂತ. ಮಂಡ್ಯ ಸೀಮೆಯ ರೈತನಿಗೆ ಬೇರೆ ಕಾರಣ ಹೊಳೆಯುವುದು ಹೇಗೆ? ಆದ್ದರಿಂದ ನೀರಿನ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ಇಲ್ಲಿ ವರ್ಷಕ್ಕೆ ಮೂರು ಅಂಗುಲ ಮಳೆಯೂ ಬೀಳುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 46 ಡಿಗ್ರಿ ಮುಟ್ಟುವುದು ಸಾಮಾನ್ಯ. ಮರಳುಗಾಡು. ಆದರೆ ಕೊಲೊರಾಡೊ ನದಿಯಿಂದ ಈ ಕಣಿವೆಗೆ ವರ್ಷಕ್ಕೆ 31 ಲಕ್ಷ ಎಕರೆ-ಅಡಿ ನೀರಿನ ಹಕ್ಕಿದೆ. ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವಷ್ಟು ನೀರೇ ಒಂದು ಎಕರೆ-ಅಡಿ. ನಮ್ಮ ಭಾಷೆಗೆ ತಂದರೆ ಸುಮಾರು 135 ಟಿಎಂಸಿ. ಕನ್ನಂಬಾಡಿ ಕಟ್ಟೆ ತುಂಬಿ ನಿಂತಾಗ ಇರುವುದೇ 49 ಟಿಎಂಸಿ ಚಿಲ್ಲರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇಡೀ ಕರ್ನಾಟಕಕ್ಕೆ ಸಿಕ್ಕ ಕಾವೇರಿ ಪಾಲು 284.75 ಟಿಎಂಸಿ. ಅದರ ಅರ್ಧಕ್ಕೆ ಹತ್ತಿರದ ನೀರು 1 ಲಕ್ಷ 80 ಸಾವಿರ ಜನರಿರುವ ಒಂದು ಕೌಂಟಿಗೆ ಬರುತ್ತದೆ. 1930ರ ದಶಕದಲ್ಲಿ ಕಟ್ಟಿದ, ಸುಮಾರು 130 ಕಿಲೋಮೀಟರ್ ಉದ್ದದ ಆಲ್ ಅಮೆರಿಕನ್ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಹರಿದು ಬರುತ್ತದೆ. ರೈತರು ಹಿಂದಿನ ದಿನವೇ ಇಷ್ಟು ನೀರು ಬೇಕೆಂದು ಹೇಳಿಡುತ್ತಾರೆ. ಮರುದಿನ ಸಂಹೇರೊ ಅಂತ ಕರೆಯುವ ನೀರುಗಂಟಿ ಪಿಕಪ್ ಗಾಡಿಯಲ್ಲಿ ಬಂದು ತೂಬು ಎತ್ತುತ್ತಾನೆ. ಎಕರೆ-ಅಡಿಗೆ ರೈತ ಬಹಳ ವರ್ಷಗಳಿಂದ ಕೊಡುತ್ತಾ ಬಂದದ್ದು 20 ಡಾಲರ್. ನೀರಿನ ಮಟ್ಟಿಗೆ ಇಷ್ಟು ನಿಶ್ಚಿಂತೆಯಾಗಿರುವ ರೈತರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಾಗಾದರೆ ಕೆಲಸ ಎಲ್ಲಿ ಹೋಯಿತು?

ನಾನು ಎಲ್ ಸೆಂಟ್ರೊ ಊರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಹೊಲದ ಕೆಲಸದವರು, ಲಾರಿ ಓಡಿಸುವವರು, ಜೈಲಿನ ಕಾವಲಿನವರು, ಶಾಲೆಯ ಅಡುಗೆಯವರು, ಎಲ್ಲರೂ ಬಿಪಿ, ಶುಗರ್ ಮಾತ್ರೆಗೆ ಬರುತ್ತಾರೆ. ಕೌಂಟರಿನ ಈಚೆ ನಿಂತವರಿಗೆ ಕೆಲಸದ ಕಾಲ ಯಾವುದು, ಖಾಲಿ ಕೂರುವ ಕಾಲ ಯಾವುದು ಎಂಬುದು ವಿಮೆಯ ಕಾರ್ಡು ನೋಡಿದರೇ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಕಂಪನಿಯ ವಿಮೆ. ಬೇಸಿಗೆ ಹತ್ತಿದಂತೆ ಆ ಕಾರ್ಡು ನಡೆಯುವುದಿಲ್ಲ. ಆಗ ಒಂದು ತಿಂಗಳ ಮಾತ್ರೆ ಕೇಳುತ್ತಿದ್ದವರು ಹತ್ತು ದಿನದ್ದು ಕೊಡಿ ಅನ್ನುತ್ತಾರೆ. ಇನ್ನು ಕೆಲವರು ಬರುವುದನ್ನೇ ಬಿಟ್ಟು, ಗಡಿ ದಾಟಿ ಮೆಕ್ಸಿಕಾಲಿಯಲ್ಲಿ ಕಡಿಮೆ ಬೆಲೆಗೆ ತೆಗೆದುಕೊಳ್ಳುತ್ತಾರೆ.

ಅವರಲ್ಲಿ ಒಬ್ಬಾಕೆ, ಐವತ್ತು ದಾಟಿದವರು, ಲೆಟಿಸ್ ಪ್ಯಾಕ್ ಮಾಡುವವರು, ನನ್ನನ್ನು "ಮೀಹಾ", ಅಂದರೆ ಮಗಳೇ ಅಂತಲೇ ಕರೆಯುತ್ತಾರೆ. ಮೊಣಕೈ ನೋವಿಗೆ ಮುಲಾಮು ಕೇಳಲು ಬಂದಾಗ ತಮ್ಮ ಕೆಲಸವನ್ನು ಕೈಯಲ್ಲೇ ಮಾಡಿ ತೋರಿಸಿದರು. ಹೊಲದಲ್ಲಿ ನಿಧಾನಕ್ಕೆ ಚಲಿಸುವ ಯಂತ್ರ, ಎರಡೂ ಕಡೆಗೆ ರೆಕ್ಕೆಯಂತೆ ಚಾಚಿಕೊಂಡಿರುತ್ತದೆ. ಅದರ ಹಿಂದೆ ಕೊಯ್ಯುವವರು ಬಗ್ಗಿಯೇ ನಡೆಯುತ್ತಾರೆ. ಎಡಗೈಯಲ್ಲಿ ಲೆಟಿಸ್ ಹಿಡಿದು ಓರೆ ಮಾಡಿ, ಬಲಗೈಯ ಅಗಲ ಚಾಕುವಿನಿಂದ ಬುಡಕ್ಕೆ ಒಂದು ಏಟು, ಹೊರಗಿನ ಎಲೆ ಕಿತ್ತು ಮೇಲಕ್ಕೆ. ಮೇಲೆ ಇವರು ಪ್ಲಾಸ್ಟಿಕ್ ಸುತ್ತಿ ಪೆಟ್ಟಿಗೆಗೆ ಹಾಕಬೇಕು. ಒಂದು ಪೆಟ್ಟಿಗೆಗೆ 24. ಯಂತ್ರ ನಿಲ್ಲುವುದಿಲ್ಲ, ಆದ್ದರಿಂದ ಕೈಯೂ ನಿಲ್ಲುವಂತಿಲ್ಲ. ಜನವರಿಯ ಕೆಲವು ಬೆಳಗ್ಗೆ ಎಲೆಯ ಮೇಲೆ ಮಂಜು ಗಡ್ಡೆ ಕಟ್ಟಿರುತ್ತದೆ. ಆಗ ಮುಟ್ಟಿದರೆ ಎಲೆ ಒಡೆದು ಕಪ್ಪಾಗುತ್ತದೆ, ಕರಗುವ ತನಕ ಕಾಯಬೇಕು.

ಆಕೆಯ ಮನೆ ಇರುವುದು ಮೆಕ್ಸಿಕಾಲಿಯಲ್ಲಿ. ಕೈಯಲ್ಲಿ ಅಮೆರಿಕದ ಗ್ರೀನ್ ಕಾರ್ಡ್. ಕೆಲಸದ ಕಾಲದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಕಲೆಕ್ಸಿಕೊ ಗಡಿಯ ಗೇಟಿನಲ್ಲಿ ಸಾಲು ನಿಂತು, ದಾಟಿ ಬಂದು, ಮೇಸ್ತ್ರಿಯ ಬಸ್ಸು ಹತ್ತುತ್ತಾರೆ. ಬಸ್ಸು ಒಂದು ದಿನ ಪಕ್ಕದ ಹೊಲಕ್ಕೆ, ಇನ್ನೊಂದು ದಿನ ಯೂಮಾಕ್ಕೆ. ಗಡಿಯಲ್ಲಿ ನಿಂತ ಹೊತ್ತಿಗೆ ಕೂಲಿಯಿಲ್ಲ. ಇವರಂತೆ ಸಾವಿರಾರು ಜನ. ಯಾಕೆ ಈ ಕಡೆಯೇ ಮನೆ ಮಾಡಬಾರದು ಅಂದರೆ ಲೆಕ್ಕ ಸರಳ. 2025ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಅದೇ ವರ್ಷ ಗಡಿಯ ಆಚೆ ದಿನದ ಕನಿಷ್ಠ ಕೂಲಿ ಸುಮಾರು 420 ಪೆಸೊ, ಅಂದರೆ ಇಪ್ಪತ್ತು ಡಾಲರಿನ ಆಸುಪಾಸು. ಈ ಕಡೆ ಐದಾರು ತಿಂಗಳು ದುಡಿದರೆ ಆ ಕಡೆ ವರ್ಷ ತಳ್ಳಬಹುದು. ಈ ಕಡೆಯೇ ಬಾಡಿಗೆ ಕೊಟ್ಟು ಕೂತರೆ ಆಗಸ್ಟಿನಲ್ಲಿ ಒಲೆ ಹೊತ್ತುವುದಿಲ್ಲ.

ಇಲ್ಲಿಯ ನಿರುದ್ಯೋಗದ ಅಂಕಿಯ ಒಂದು ಗುಟ್ಟು ಇಲ್ಲೇ ಇದೆ. ಸರ್ಕಾರ ನಿರುದ್ಯೋಗ ಎಣಿಸುವುದು ಮನುಷ್ಯ ವಾಸವಿರುವ ಜಾಗದ ಲೆಕ್ಕದಲ್ಲಿ. ಮೆಕ್ಸಿಕಾಲಿಯಿಂದ ಬಂದು ದುಡಿದು ಹೋಗುವವರು ಇಲ್ಲಿನ ಹೊಲದಲ್ಲಿ ಕೆಲಸ ತುಂಬುತ್ತಾರೆ, ಆದರೆ ಕೌಂಟಿಯ "ಕೆಲಸದಲ್ಲಿರುವವರು" ಎಂಬ ಸಾಲಿಗೆ ಸೇರುವುದಿಲ್ಲ. ಪಕ್ಕದ ಮೆಕ್ಸಿಕಾಲಿಯ ಜನಸಂಖ್ಯೆ ಹತ್ತು ಲಕ್ಷ. ನಮ್ಮದು ಎರಡು ಲಕ್ಷವೂ ಇಲ್ಲ. ಐದು ಪಾಲು ದೊಡ್ಡ ಊರಿನ ದುಡಿಯುವ ಕೈಗಳು ಪಕ್ಕದಲ್ಲೇ ಇರುವಾಗ, ಈ ಕಡೆ ವಾಸವಿರುವವನಿಗೆ ಹೊಲದ ಕೆಲಸ ವರ್ಷಪೂರ್ತಿ ಸಿಗುವಂತೆ ಮಾಡುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಇದು ತಾನಾಗಿ ಬೆಳೆದ ವ್ಯವಸ್ಥೆಯೂ ಅಲ್ಲ. 1942ರಿಂದ 1964ರವರೆಗೆ ಬ್ರಸೇರೊ ಯೋಜನೆಯಡಿ ಎರಡು ಸರ್ಕಾರಗಳೇ ಒಪ್ಪಂದ ಮಾಡಿಕೊಂಡು ಮೆಕ್ಸಿಕೊದಿಂದ ಕೂಲಿಯವರನ್ನು ಕರೆಸುತ್ತಿದ್ದವು. ಯೋಜನೆ ನಿಂತಿತು, ಅದರ ಮೇಲೆ ಕಟ್ಟಿದ ಬೇಸಾಯ ನಿಲ್ಲಲಿಲ್ಲ. ಕೂಲಿ ಹೆಚ್ಚಿಸಿ ಎಂದು ಹೋರಾಡಿದವರೂ ಇದ್ದರು. 1979ರ ಲೆಟಿಸ್ ಮುಷ್ಕರದಲ್ಲಿ ರುಫಿನೊ ಕೊಂಟ್ರೇರಸ್ ಎಂಬ ಕಾರ್ಮಿಕ ಇಲ್ಲಿನ ಹೊಲದಲ್ಲೇ ಗುಂಡಿಗೆ ಬಲಿಯಾದ. ಆತನ ಹೆಸರನ್ನು ವಯಸ್ಸಾದವರು ಈಗಲೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಏಪ್ರಿಲ್ ಬಂತೆಂದರೆ ಲೆಟಿಸ್ ಉತ್ತರಕ್ಕೆ, ಸಲೀನಸ್ ಕಣಿವೆಗೆ ಹೋಗುತ್ತದೆ. ಸೊಪ್ಪು ತೊಳೆದು ಚೀಲಕ್ಕೆ ತುಂಬುವ ಕಾರ್ಖಾನೆಯ ಯಂತ್ರಗಳನ್ನೂ ಬಿಚ್ಚಿ ಲಾರಿಗೇರಿಸುತ್ತಾರೆ. ಕೊಯ್ಯುವವರಲ್ಲಿ ಗಟ್ಟಿ ಇರುವವರು ಹಿಂದೆಯೇ ಹೋಗುತ್ತಾರೆ, ಬಳ್ಳಾರಿ ಕಡೆಯ ಕಬ್ಬು ಕಡಿಯುವ ಗ್ಯಾಂಗು ಮಂಡ್ಯಕ್ಕೆ ಬಂದು ಟೆಂಟು ಹಾಕುತ್ತದಲ್ಲ, ಹಾಗೆ. ಹೋಗಲಾಗದವರು ಮೇ, ಜೂನ್‌ನಲ್ಲಿ ಕರಬೂಜ, ಸಿಹಿ ಜೋಳ, ಈರುಳ್ಳಿ ಅಂತ ಇನ್ನಷ್ಟು ದಿನ ಎಳೆಯುತ್ತಾರೆ. ಆಮೇಲೆ ನಿರುದ್ಯೋಗ ಭತ್ಯೆ. ಅದರ ಮಿತಿ 2005ರಿಂದಲೂ ವಾರಕ್ಕೆ 450 ಡಾಲರ್. ಕಾಗದಪತ್ರ ಇಲ್ಲದವರಿಗೆ ಅದೂ ಇಲ್ಲ.

ಬೇಸಿಗೆಯಲ್ಲಿ ಹೊಲ ಬರಿದಾಗಿರುತ್ತದೆಯೇ? ಇಲ್ಲ, ಹಚ್ಚಗೆ ಕಣ್ಣು ತುಂಬುತ್ತದೆ. ಆದರೆ ಅದು ಕುದುರೆ ಮಸಾಲೆ ಮತ್ತು ಹುಲ್ಲು. ಈ ಕಣಿವೆಯ ಭೂಮಿಯಲ್ಲಿ ದೊಡ್ಡ ಪಾಲು ದನದ ಮೇವಿನದು, ನೀರಿನಲ್ಲೂ ದೊಡ್ಡ ಪಾಲು ಅದಕ್ಕೇ. ಒಣ ಹುಲ್ಲಿನ ಪಿಂಡಿಗಳು ಹಡಗೇರಿ ಏಷ್ಯಾದ ದೇಶಗಳಿಗೂ ಹೋಗುತ್ತವೆ. ಒಬ್ಬ ಮನುಷ್ಯ, ಒಂದು ಯಂತ್ರ, ನೂರಾರು ಎಕರೆ. ಅಂದರೆ ಹೆಚ್ಚು ನೀರು ಕುಡಿಯುವ ಬೆಳೆಗೆ ಕೈಗಳು ಬೇಕಿಲ್ಲ, ಹೆಚ್ಚು ಕೈ ಬೇಡುವ ತರಕಾರಿ ಚಳಿಗಾಲದ್ದು. ಈ ಕೌಂಟಿಯ ಆರ್ಥಿಕತೆ ಅರ್ಥವಾಗಬೇಕಾದರೆ ಇದೊಂದನ್ನು ತಿಳಿದರೆ ಸಾಕು ಅನ್ನಿಸುತ್ತದೆ ನನಗೆ.

ಈಗ ಆ ನೀರಿಗೇ ಬೆಲೆ ಬಂದಿದೆ. 2003ರ ಒಪ್ಪಂದದಂತೆ ಇಲ್ಲಿಂದ ಸ್ಯಾನ್ ಡಿಯಾಗೊ ಕಡೆಗೆ ವರ್ಷಕ್ಕೆ 2 ಲಕ್ಷ ಎಕರೆ-ಅಡಿವರೆಗೆ ನೀರು ಮಾರುವುದೆಂದಾಯಿತು. ಮೊದಲ ವರ್ಷಗಳಲ್ಲಿ ಹೊಲ ಪಾಳು ಬಿಟ್ಟು ನೀರು ಉಳಿಸಿದರು. 2024ರಲ್ಲಿ ಇನ್ನೊಂದು ಒಪ್ಪಂದ: ಕೊಲೊರಾಡೊ ನದಿ ಬತ್ತುತ್ತಿರುವುದರಿಂದ 2026ರೊಳಗೆ 7 ಲಕ್ಷ ಎಕರೆ-ಅಡಿಯವರೆಗೆ ಉಳಿಸಿಕೊಡಬೇಕು, ಅದಕ್ಕೆ ಕೇಂದ್ರ ಸರ್ಕಾರದ ದುಡ್ಡು. ಬೇಸಿಗೆಯಲ್ಲಿ ಕುದುರೆ ಮಸಾಲೆಗೆ ಕೆಲವು ವಾರ ನೀರು ಕಟ್ಟದಿದ್ದರೆ ರೈತನಿಗೆ ಪರಿಹಾರ. ನದಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಒಂದೇ. ಹೊಲಕ್ಕೆ ನೀರು ಹೋಗದಿದ್ದರೆ ಭೂಮಿಯ ಒಡೆಯನಿಗೆ ಚೆಕ್ ಬರುತ್ತದೆ. ಪಿಂಡಿ ಸಾಗಿಸುವ ಲಾರಿಯವನಿಗೆ, ನೀರು ಕಟ್ಟುವ ಆಳಿಗೆ, ಟ್ರಾಕ್ಟರ್ ರಿಪೇರಿಯವನಿಗೆ ಬರುವುದಿಲ್ಲ. 2003ರ ಒಪ್ಪಂದದಲ್ಲಿ ಇಂಥವರ ನಷ್ಟ ತುಂಬಲು ಒಂದಿಷ್ಟು ಹಣ ಎತ್ತಿಟ್ಟಿದ್ದರು. ಅಂದರೆ ಅದು ಆಗದ ಮಾತಲ್ಲ, ಒಮ್ಮೆ ಮಾಡಿ ನೋಡಿದ್ದೇ. ಕಾವೇರಿಯ ಗಲಾಟೆಯಲ್ಲೂ ಬೆಳೆ ಹಾಕಬೇಡಿ ಅಂದ ವರ್ಷ ರೈತನ ಮಾತು ಪತ್ರಿಕೆಗೆ ಬರುತ್ತದೆ. ನಾಟಿ ಹಾಕುವ ಹೆಂಗಸರ ಕೂಲಿ ಹೋದದ್ದನ್ನು ಯಾರು ಬರೆಯುತ್ತಾರೆ?

ಹೊಲ ತೊಯ್ದ ನೀರು ಬಸಿದು ಹೋಗಿ ಸೇರುವುದು ಸಾಲ್ಟನ್ ಸರೋವರಕ್ಕೆ. ನೀರು ಉಳಿಸಿದಷ್ಟೂ ಸರೋವರ ಕುಗ್ಗಿ, ಒಣಗಿದ ತಳದ ದೂಳು ಏಳುತ್ತದೆ. ಮಕ್ಕಳ ಉಬ್ಬಸಕ್ಕೆ ನಾನು ಇನ್‌ಹೇಲರ್ ಕೊಡುತ್ತಲೇ ಇರುತ್ತೇನೆ.

ಹೊಲ ಬಿಟ್ಟರೆ ಇಲ್ಲಿ ಭದ್ರವಾದ ಕೆಲಸ ಅಂದರೆ ಸರ್ಕಾರದ್ದು. ಶಾಲೆ, ಕೌಂಟಿ ಕಚೇರಿ, ಗಡಿ ಕಾವಲು ಪಡೆ, 1990ರ ದಶಕದ ಆರಂಭದಲ್ಲಿ ಬಂದ ಎರಡು ರಾಜ್ಯ ಜೈಲುಗಳು. ಒಟ್ಟು ಲೆಕ್ಕದಲ್ಲಿ ಸರ್ಕಾರಿ ಕೆಲಸ ಹೊಲದ ಕೆಲಸಕ್ಕಿಂತ ಹೆಚ್ಚು. ಕೂಲಿಯವರ ಮನೆಯ ಹುಡುಗನಿಗೆ ಜೈಲಿನ ಕಾವಲಿನ ಕೆಲಸ ಸಿಕ್ಕರೆ ಮನೆಯವರು ಹಬ್ಬ ಮಾಡುತ್ತಾರೆ.

ನಮ್ಮೋರಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ನೂರು ವರ್ಷದ ಹಿಂದೆಯೇ ಇಲ್ಲಿಗೆ ಪಂಜಾಬಿನ ರೈತರು ಬಂದಿದ್ದರು. 1913ರ ಕಾನೂನು ಅವರಂಥ ಏಷ್ಯಾದವರಿಗೆ ಭೂಮಿ ಕೊಳ್ಳಲು ಬಿಡಲಿಲ್ಲ. ಅನೇಕರು ಮೆಕ್ಸಿಕೊದ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲೇ ನೆಲೆ ನಿಂತರು. ಇಲ್ಲಿ ಬೇಸಾಯ ಮಾಡಿಕೊಂಡಿದ್ದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಮೂಲದವರು ಅವರೇ.

2025ರ ಏಪ್ರಿಲಿನಲ್ಲಿ ಬ್ರಾಲಿ ಊರಿನ ಸ್ಪ್ರೆಕಲ್ಸ್ ಸಕ್ಕರೆ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ, ಕ್ಯಾಲಿಫೋರ್ನಿಯಾದಲ್ಲಿ ಉಳಿದಿದ್ದ ಕೊನೆಯ ಕಾರ್ಖಾನೆ. ಬೀಟ್ ಗೆಡ್ಡೆ ಕೀಳುವುದು ಏಪ್ರಿಲಿನಿಂದ ಆಚೆಗೆ, ಅಂದರೆ ಲೆಟಿಸ್ ಮುಗಿದ ಮೇಲೆ. ಖಾಲಿ ತಿಂಗಳುಗಳಲ್ಲಿ ಲಾರಿಗೆ, ಕಾರ್ಖಾನೆಯ ಪಾಳಿಗೆ ಜನ ಬೇಕಾಗುತ್ತಿದ್ದರು. ಮೈಷುಗರ್ ಬಾಗಿಲು ಹಾಕಿ ಕೂತ ವರ್ಷಗಳಲ್ಲಿ ಮಂಡ್ಯದ ಟೈರ್ ಅಂಗಡಿ, ಹೋಟೆಲ್ಲು, ಬಟ್ಟೆ ಅಂಗಡಿಗಳ ವ್ಯಾಪಾರ ಹೇಗೆ ಕುಸಿಯಿತು ಅನ್ನುವುದನ್ನು ನೋಡಿ ಬೆಳೆದವಳಿಗೆ, ಬ್ರಾಲಿಯಲ್ಲಿ ಮುಂದೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಂದು ಅಂಗಡಿಗೆ ಬಂದ ಲಾರಿ ಚಾಲಕರೊಬ್ಬರ ಬಿಪಿ ಏರಿತ್ತು. ಯಂತ್ರದಲ್ಲಿ ಎರಡು ಸಲ ನೋಡಿ, ಡಾಕ್ಟರಿಗೆ ತೋರಿಸಿ ಅಂದು ಕಳಿಸಿದೆ.

ಈಗ ಎಲ್ಲರ ಬಾಯಲ್ಲಿ ಲಿಥಿಯಂ. ಸಾಲ್ಟನ್ ಸರೋವರದ ಬಳಿ ನೆಲದಾಳದಲ್ಲಿರುವ ಬಿಸಿ ಉಪ್ಪುನೀರಿನಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಅಪಾರವಾಗಿದೆ. ಆ ಬಿಸಿನೀರಿನ ಆವಿಯಿಂದ ವಿದ್ಯುತ್ ತೆಗೆಯುವ ಸ್ಥಾವರಗಳು 1980ರ ದಶಕದಿಂದಲೇ ನಡೆಯುತ್ತಿವೆ. ಲಿಥಿಯಂ ಬಗ್ಗೆ ಮಾತು ಮಾತ್ರ ದೊಡ್ಡದಿದೆ, ದೊಡ್ಡ ಪ್ರಮಾಣದ ಉತ್ಪಾದನೆ ಇನ್ನೂ ಆಗಬೇಕು. ಇಂಪೀರಿಯಲ್ ವ್ಯಾಲಿ ಕಾಲೇಜಿನಲ್ಲಿ ಆ ಕೆಲಸಕ್ಕೆಂದೇ ತರಬೇತಿ ಶುರು ಮಾಡಿದ್ದಾರೆ.

ಲೆಟಿಸ್ ಪ್ಯಾಕ್ ಮಾಡುವ ಆ ತಾಯಿಯ ಮಗ ಅಲ್ಲಿಗೆ ಸೇರಿದ್ದಾನೆ. ಎಲ್ ಸೆಂಟ್ರೊದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾನೆ. ಹೋದ ವಾರ ಬಂದಾಗ ಆಕೆ ಕೇಳಿದರು: "ಮೀಹಾ, ನೀನು ಓದಿದವಳು. ಇವನು ಕಲಿತು ಮುಗಿಸುವ ಹೊತ್ತಿಗೆ ಆ ಫ್ಯಾಕ್ಟರಿ ಇರುತ್ತಾ?" ಲಿಥಿಯಂ ಬಂದೇ ಬರುತ್ತದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಪಂಪು, ವಾಲ್ವು, ಒತ್ತಡದ ಕೊಳವೆ ನೋಡಿಕೊಳ್ಳುವುದನ್ನು ಚೆನ್ನಾಗಿ ಕಲಿಯಲಿ, ಆ ವಿದ್ಯೆ ಈಗಿರುವ ವಿದ್ಯುತ್ ಸ್ಥಾವರಗಳಿಗೂ ಬೇಕು, ನೀರಾವರಿ ಇಲಾಖೆಗೂ ಬೇಕು, ಅಲ್ಲಿ ಹನ್ನೆರಡು ತಿಂಗಳೂ ಸಂಬಳ ಬರುತ್ತದೆ ಅಂದೆ. ಯಾವ ಯಾವ ಕಡೆ ಅರ್ಜಿ ಹಾಕಬೇಕು ಅಂತ ಬರೆದುಕೊಡಲು ಹೇಳಿದರು. ಮಾತ್ರೆ ಚೀಟಿಯ ಹಿಂದೆ ಬರೆದುಕೊಟ್ಟಿದ್ದೇನೆ. ಶನಿವಾರ ಮಗನನ್ನೇ ಕರೆದುಕೊಂಡು ಬರುತ್ತಾರಂತೆ, ಅರ್ಜಿ ತುಂಬಲು.