ಅಮ್ಮನ ರಿಪೋರ್ಟು

ರಾತ್ರಿ ಹತ್ತೂವರೆಗೆ ತಮ್ಮನ ಫೋನು. "ಅಕ್ಕಾ, ಅಮ್ಮನ ರಿಪೋರ್ಟ್ ನೋಡಿದ್ಯಾ? ಐಎಲ್-6 ನೂರಾ ಎಂಬತ್ತು ದಾಟಿದೆ. ಏಳರ ಒಳಗಿರಬೇಕಂತೆ. ಔಷಧಿ ಕೆಲಸ ಮಾಡ್ತಿಲ್ಲ."

ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆ ಬೇಕಿತ್ತು. ಮೆಥೋಟ್ರೆಕ್ಸೇಟ್ ಮಾತ್ರೆ ಸಾಲದೆ ಟೊಸಿಲಿಜುಮ್ಯಾಬ್ ಶುರು ಮಾಡಿದ್ದರು. ನಾಲ್ಕು ವಾರಕ್ಕೊಂದರಂತೆ ಮೂರು ಡ್ರಿಪ್ ಆಗಿತ್ತು. ಡಾಕ್ಟರು ಬರೆದ ಪರೀಕ್ಷೆಗಳ ಜೊತೆ ತಮ್ಮ ತಾನಾಗಿಯೇ ಐಎಲ್-6 ಕೂಡ ಮಾಡಿಸಿದ್ದ.

ನನ್ನೆದೆಯೂ ಧಸಕ್ ಎಂದಿತು. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಹಳೇ ನೋಟ್ಸ್ ತೆಗೆದು, ಊಟದ ಮೇಜಿನ ಮೇಲೆ ಚಿತ್ರ ಬರೆಯುತ್ತಾ ಕೂತೆ.

ಐಎಲ್-6 ಅಂದರೆ ಇಂಟರ್‌ಲ್ಯೂಕಿನ್-6, ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನು. ಬಿ ಕೋಶಗಳಿಗೆ ಪ್ರತಿಕಾಯ ತಯಾರಿಸಲು ಹೇಳುವ ಪ್ರೋಟೀನ್ ಯಾವುದೆಂದು ಹುಡುಕುತ್ತಾ, 1986ರಲ್ಲಿ ಒಸಾಕಾದ ತದಾಮಿತ್ಸು ಕಿಶಿಮೊಟೊ ಅವರ ತಂಡ ಇದರ ಜೀನ್ ಪತ್ತೆ ಮಾಡಿತು. ಇದು ಕೋಶದ ಮೈಮೇಲಿನ ತನ್ನ ರಿಸೆಪ್ಟರಿಗೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನಿಗೆ, ಅಂಟಿದರಷ್ಟೇ ಸಾಲದು. ಆ ಜೋಡಿ ಜಿಪಿ130 ಎಂಬ ಮತ್ತೊಂದು ಪ್ರೋಟೀನನ್ನು ಹಿಡಿಯಬೇಕು. ಆಗಲೇ ಒಳಗೆ ಜ್ಯಾಕ್ ಕಿಣ್ವ ಎಚ್ಚರಾಗುತ್ತದೆ, ಸ್ಟ್ಯಾಟ್3 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟ್ಯಾಟ್3 ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಉರಿಯೂತ ಅಳೆಯಲು ನೋಡುವ ಸಿಆರ್‌ಪಿಯನ್ನು ಲಿವರ್ ಮಾಡುವುದೂ ಇದೇ ಸುದ್ದಿ ತಲುಪಿದಾಗ. ಈ ಜೋಡಣೆ ನೋಡಿದರೆ ನನಗೆ ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

ಪೆನ್ಸಿಲ್ ಅಲ್ಲೇ ನಿಂತಿತು. ಅಮ್ಮನ ಔಷಧಿ ಐಎಲ್-6 ಅನ್ನು ಮುಟ್ಟುವುದೇ ಇಲ್ಲ. ಅದು ಹೋಗಿ ಕೂರುವುದು ರಿಸೆಪ್ಟರಿನ ಮೇಲೆ. ಮಾಮೂಲಾಗಿ ರಿಸೆಪ್ಟರಿಗೆ ಅಂಟಿದ ಐಎಲ್-6 ಅನ್ನು ಕೋಶ ಒಳಗೆಳೆದುಕೊಂಡು ಕರಗಿಸುತ್ತದೆ. ಈಗ ಅಂಟಲು ಜಾಗವಿಲ್ಲ, ಕರಗುವ ದಾರಿಯೂ ಮುಚ್ಚಿದೆ. ಅಂದಮೇಲೆ ರಕ್ತದಲ್ಲಿ ಜಾಸ್ತಿ ಆಗಲೇಬೇಕು ಅಲ್ವಾ! ರಿಪೋರ್ಟಿನ ಮುಂದಿನ ಪುಟ ತೆರೆದೆ. 46 ಇದ್ದ ಸಿಆರ್‌ಪಿ 1ಕ್ಕಿಂತ ಕೆಳಗಿಳಿದಿತ್ತು.

ಬೆಳಗ್ಗೆ ಡಾಕ್ಟರೂ ಅದನ್ನೇ ಹೇಳಿದರು. ಈ ಔಷಧಿಯಲ್ಲಿರುವಾಗ ಸೋಂಕು ತಗುಲಿದರೂ ಜ್ವರ, ಸಿಆರ್‌ಪಿ ಏರದೇ ಇರಬಹುದು, ಸುಮ್ನೆ ಸುಸ್ತು ಅನಿಸಿದರೂ ಬಂದು ತೋರಿಸಿ ಎಂದರು. ಅದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಮನೆಗೆ ಬಂದಾಗ ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡಿದ್ದಳು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಲೇ ಉಳಿದು ಕಾಳು ಪುಟಕ್ಕನೆ ಬಟ್ಟಲಿಗೆ. ಅವಳು ಅವರೆ ಹಿತುಕಿ ಎರಡು ಚಳಿಗಾಲ ಆಗಿತ್ತು.

"ಏನಂದ್ರು ಡಾಕ್ಟ್ರು?"

"ಔಷಧಿ ಚೆನ್ನಾಗಿ ಹಿಡಿದಿದೆಯಂತೆ ಅಮ್ಮ."

"ಅದು ನಂಗೊತ್ತು" ಅಂದಳು, ತಲೆ ಎತ್ತದೆ.