ಗಾಳಿಯಿಂದ ನೀರು: ಯಂತ್ರ ಕೊಳ್ಳುವ ಮೊದಲು ಒಂದು ಲೆಕ್ಕ

ಗಲ್ಫ್‌ನಲ್ಲಿ ದುಡಿಯುವ ಭಟ್ಕಳದವರಿಗೂ, ಏಪ್ರಿಲ್ ಬಂದರೆ ಬಾವಿ ಉಪ್ಪಾಗುವ ಕಾರವಾರದ ಕಡಲಂಚಿನವರಿಗೂ ಮಾರುವುದು ಅದೇ ಯಂತ್ರ: ದಿನಕ್ಕೆ 30 ಲೀಟರ್ ನೀರು, ಬರೀ ಗಾಳಿಯಿಂದ. ಎಸಿಯಂತೆಯೇ ತಣ್ಣನೆಯ ಕಾಯಿಲ್ (ಲೋಹದ ಕೊಳವೆಯ ಸುರುಳಿ) ಮೇಲೆ ಗಾಳಿ ಹಾಯಿಸಿ, ಅದರಲ್ಲಿನ ಆವಿಯನ್ನು ಹನಿಯಾಗಿಸುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ '30 ಡಿಗ್ರಿ, 80% ತೇವಾಂಶದಲ್ಲಿ' ಎಂದಿರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ.

ಕಾರವಾರದ ಮೇ ಸೆಕೆ 32 ಡಿಗ್ರಿ, 70% ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ಆವಿ. 26 ಡಿಗ್ರಿಗೇ ಹನಿಗಟ್ಟತೊಡಗುತ್ತದೆ. 15ಕ್ಕೆ ತಣಿಸಿದರೆ 11 ಗ್ರಾಂ ಸಿಗುತ್ತದೆ. ಲೀಟರಿಗೆ 90 ಘನ ಮೀಟರಿಗೂ ಮಿಕ್ಕಿ ಗಾಳಿ ಎಳೆಯಬೇಕು. ಒಳ್ಳೆಯ ಕಂಪ್ರೆಸರ್ ಇದ್ದರೂ ಲೀಟರಿಗೆ 0.4 ಯುನಿಟ್ ಹತ್ತಿರ ಕರೆಂಟು, ಅಂದರೆ 20 ಲೀಟರಿನ ಕ್ಯಾನಿಗೆ 8 ಯುನಿಟ್. ಫ್ಯಾನಿನದು ಬೇರೆ. (ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಲ್ಲಿ ಮಾಡಿನ ನೀರು ಹಿಡಿಯದೆ ಇದಕ್ಕೆ ದುಡ್ಡು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.)

ರಿಯಾದ್‌ನ ಬೇಸಿಗೆ ಮಧ್ಯಾಹ್ನ 40 ಡಿಗ್ರಿ, 10% ಇದ್ದರೆ ಅದೇ ಘನ ಮೀಟರಿನಲ್ಲಿ ಇರುವುದೇ 5 ಗ್ರಾಂ. ಹನಿಗಟ್ಟಲು 3 ಡಿಗ್ರಿಗಿಂತ ಕೆಳಗಿಳಿಯಬೇಕು. ಅಷ್ಟರಲ್ಲಿ ಕಾಯಿಲ್ ಮೇಲೆ ಹಿಮ ಕಟ್ಟಿ ಗಾಳಿಯ ದಾರಿಯೇ ಮುಚ್ಚುತ್ತದೆ. ದುಬೈ ಕಡಲ ಬದಿಯದ್ದು, ಆಗಸ್ಟ್ ರಾತ್ರಿ ಅಲ್ಲಿ ಯಂತ್ರ ಚೆನ್ನಾಗಿ ಓಡುತ್ತದೆ. ಮರುಭೂಮಿಗಳೆಲ್ಲ ಒಂದೇ ಅಲ್ಲ. ಒಣ ಒಳನಾಡಿಗೆ ಬೇಕಾದದ್ದು ಆವಿ ಹೀರುವ ಪುಡಿ. 2025ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಓಮರ್ ಯಾಘಿಯವರ ಎಂಒಎಫ್-303 ಅಂಥದ್ದು. ರಾತ್ರಿ ಪೆಟ್ಟಿಗೆ ತೆರೆದಿಟ್ಟರೆ ಹೀರಿಕೊಳ್ಳುತ್ತದೆ. ಹಗಲು ಮುಚ್ಚಿ ಬಿಸಿಲಿಗಿಟ್ಟರೆ ಆವಿ ಬಿಟ್ಟುಕೊಟ್ಟು ತಂಪು ಗೋಡೆಗೆ ಹನಿಯಾಗುತ್ತದೆ. ಪುಡಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ನೀರು, ಅದೇ ತೊಡಕು.

ಇನ್ನು ಕರಾವಳಿಯಲ್ಲಿ ಕೊಂಡೇಬಿಟ್ಟರೆ, ಮುಚ್ಚಿದ ಕೋಣೆಯಲ್ಲಿಡಬೇಡಿ. 10×15 ಅಡಿ ಕೋಣೆಯ ಗಾಳಿಯಲ್ಲೆಲ್ಲ ಸೇರಿ ಇರುವುದು ಒಂದೇ ಲೀಟರ್ ಆವಿ. ಹೊರಗಿನ ಗಾಳಿ ಬರದಿದ್ದರೆ ಬೇಗ ನಿಲ್ಲುತ್ತದೆ. ಹಾಗಂತ ಸಮುದ್ರಕ್ಕೆ ಎದುರೂ ಬೇಡ, ಉಪ್ಪುಗಾಳಿಗೆ ಕಾಯಿಲಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುತ್ತವೆ. ಲೇಪನವಿರುವ ಕಾಯಿಲ್ ಕೇಳಿ, ಆಗಾಗ ಸಿಹಿನೀರಲ್ಲಿ ತೊಳೆಯಿರಿ. ಹನಿ ಬೀಳುವ ತಟ್ಟೆಯಲ್ಲಿ ಲೋಳೆ ಕಟ್ಟುತ್ತದೆ. ಫಿಲ್ಟರ್, ಯುವಿ ಎರಡೂ ಬೇಕು. ಎಸಿಯಿಂದ ತೊಟ್ಟಿಕ್ಕುವ ನೀರು ನೆಲ ಒರೆಸಲಿಕ್ಕೆ ಸರಿ, ಕುಡಿಯಲಿಕ್ಕಲ್ಲ: ಕಾಯಿಲಿನ ಧೂಳು, ಬೆಸುಗೆಯ ಲೋಹ ಅದರಲ್ಲಿ ಸೇರಿರಬಹುದು.

ಶಿರಸಿಯ ಮಂಜಿಗೆ ಚಿಲಿಯಂತೆ ಬಲೆ ಕಟ್ಟಬಹುದಲ್ಲ ಎನ್ನುವವರಿದ್ದಾರೆ. ಅಲ್ಲಿ ಚುಂಗುಂಗೊ ಊರಿನ ಮೇಲಿನ ಗುಡ್ಡದಲ್ಲಿ ಕಡಲಗಾಳಿ ಮಂಜನ್ನು ಬಲೆಗೆ ತಳ್ಳುತ್ತಿತ್ತು. ನಮ್ಮ ಚಳಿಗಾಲದ ಮಂಜು ತೋಟದ ಮೇಲೆ ಅಲ್ಲಾಡದೆ ಕೂತಿರುತ್ತದೆ. ಬಲೆಗೆ ಸಿಗುವುದು ಕಡಿಮೆ, ಅಂಗಳದ ಅಡಿಕೆ ತೇವವಾಗುವುದೇ ಹೆಚ್ಚು.